ಬಾಯಲ್ಲಿ ಕಲ್ಲುಸಕ್ಕರೆ

ನಮ್ಮೂರಿಗೆ ಒಂದು ದಿನದ ಪ್ರವಾಸಕ್ಕೆ ಬರುವವರಿಗೆ ನಾನು ಮೊದಲು ಕೊಡುವುದು ಕಲ್ಲುಸಕ್ಕರೆ, ಟಿಕೆಟ್ಟು ಆಮೇಲೆ. ಬಸ್ಸು ಊರೊಳಗೆ ತಿರುಗುವ ಮುಂಚೆ ಡ್ರೈವರ್ ರಜಾಕ್ ಸಾಬರು ಗಾಡಿ ನಿಲ್ಲಿಸುತ್ತಾರೆ. ನಾನು ಮೈಕು ಹಿಡಿದು ಎದ್ದು ನಿಂತು ನಲವತ್ತು ಮಂದಿಗೂ ಒಂದೊಂದು ಪೊಟ್ಟಣ ಹಂಚುತ್ತೇನೆ. "ಬೆಳಿಗ್ಗೆ ಮ್ಯೂಸಿಯಂ, ಮಧ್ಯಾಹ್ನ ಊಟ, ಮೂರು ಗಂಟೆಗೆ ಹಳೇ ಕಾರುಗಳ ರೇಸು. ಮ್ಯೂಸಿಯಂನಲ್ಲಿ ಬಾಯಿಗೆ ಬಂದಿದ್ದು ಮಾತಾಡಿ, ನನ್ನದೇನೂ ಅಡ್ಡಿ ಇಲ್ಲ. ಕಾರುಗಳ ಹತ್ತಿರ ಹೋದಾಗ ಮಾತ್ರ ಬಾಯಲ್ಲಿ ಕಲ್ಲುಸಕ್ಕರೆ ಇರಲೇಬೇಕು. ಕರಗಿದರೆ ಇನ್ನೊಂದು ಹಾಕ್ಕೊಳ್ಳಿ. ಸಕ್ಕರೆ ಕಾಯಿಲೆ ಇರೋರಿಗೆ ಲವಂಗ ಇದೆ." ಇಪ್ಪತ್ತೊಂದು ವರ್ಷದಿಂದ ಇದೇ ಮಾತು, ಇದೇ ಸಕ್ಕರೆ. ನನ್ನ ಬಸ್ಸಿನಲ್ಲಿ ಬಂದವರ ಬಾಯಿಂದ ಇವತ್ತಿನವರೆಗೆ ಒಂದು ತಿತ್ತು ಜಾರಿಲ್ಲ. ಜಲಜಾಕ್ಷಿಯ ಬಸ್ಸೆಂದರೆ ಊರಿನವರು ಕಣ್ಣುಮುಚ್ಚಿ ಒಳಗೆ ಬಿಡುತ್ತಾರೆ.

ತಿತ್ತು ಎಂದರೆ ಇಷ್ಟೆ. ನಮ್ಮೂರಲ್ಲಿ ಗಡಿಯಾರದ ಎದುರು ನಿಂತು "ನಡೆಯುತ್ತದೆ" ಅನ್ನಬಹುದು, "ನಿನ್ನೆ ಚೆನ್ನಾಗಿ ನಡೆಯಿತು" ಅಂತಲೂ ಅನ್ನಬಹುದು. "ನಡೆಯುತ್ತಿತ್ತು" ಅಂದಿರೋ, ಮುಳ್ಳು ಅಲ್ಲಿಗೇ ನಿಂತಿತು. ಆಮೇಲೆ ಯಾವ ರಿಪೇರಿಯವನೂ ಅದನ್ನು ಎಬ್ಬಿಸಲಾರ. (ಇದನ್ನು ಬರೆಯುವ ಮುಂಚೆ ಗೋಡೆ ಗಡಿಯಾರವನ್ನು ಇಳಿಸಿ ಪಕ್ಕದ ಮನೆಯಲ್ಲಿಟ್ಟು ಬಂದಿದ್ದೇನೆ.) ತಿದ್ದ, ತಿದ್ದಳು, ತಿದ್ದರು ಎಲ್ಲವೂ ಅದೇ ಸಂತಾನ. ಹಾಗಾಗಿ ನಾವು ಆ ಮಾತನ್ನು ಬಿಟ್ಟೇ ಬದುಕು ಸಾಗಿಸುತ್ತೇವೆ. ಶಾಲೆಯಲ್ಲಿ ವ್ಯಾಕರಣದ ಆ ಒಂದು ಪುಟ ಬಂದಾಗ ಮೇಷ್ಟರು ಮಕ್ಕಳನ್ನು ಬಟ್ಟಬಯಲಿಗೆ ಕರೆದುಕೊಂಡು ಹೋಗಿ, ಕೈಗಡಿಯಾರ ಬಿಚ್ಚಿಟ್ಟು ಪಾಠ ಮಾಡುತ್ತಾರೆ. ನಮ್ಮಜ್ಜಿ ತೀರಿಹೋದ ತಾತನ ಬಗ್ಗೆ, "ಅವ್ರು ಬಲು ಚೆಂದಾಗಿ ಕೊಳಲು ಊದ್ತಾರೆ ಕಣವ್ವ. ಈಗ ಇಲ್ಲ, ಅಷ್ಟೆಯಾ" ಅನ್ನುತ್ತಾಳೆ. ಗೋಡೆಯ ಮೇಲಿನ ಕೊಳಲಿಗೆ ಎಲ್ಲಿ ಕೇಳಿಸೀತೋ ಎಂದು ಅವಳಿಗೆ ಭಯ. ಅಜ್ಜಿಯೂ ಈಗ ಇಲ್ಲ. ಇನ್ನು, ಎದುರುಮನೆಯ ಮದುವೆ ಮೈಕು ವಿಪರೀತವಾದಾಗ ಕಿಟಕಿಯಿಂದ ಒಂದು ತಿತ್ತು ಎಸೆದು ಬಾಗಿಲು ಹಾಕಿಕೊಂಡವರೂ ಇದ್ದಾರೆ. ಹೆಸರು ಬೇಡ. ಅವರಲ್ಲಿ ನಾನೂ ಒಬ್ಬಳು.

ತಿತ್ತು ತಗುಲಿದ ವಸ್ತುಗಳಿಗೆಂದೇ ನಮ್ಮ ಮ್ಯೂಸಿಯಂ ಇದೆ. ಹಳ್ಳಿಗಾಡಿನ ಎಲ್ಲ ಸಾಮಾನೂ ಅಲ್ಲಿ ಸಿಗುತ್ತದೆ: ಬೀಸುವ ಕಲ್ಲು, ಕೂರಿಗೆ, ಎಣ್ಣೆ ಗಾಣ, ಕಡಗೋಲು. ಒಂದೊಂದಕ್ಕೂ ಕ್ಯುರೇಟರ್ ನಂಜುಂಡಾರಾಧ್ಯರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಚೀಟಿ ಬರೆದು ದಾರದಲ್ಲಿ ಕಟ್ಟಿದ್ದಾರೆ. "ಇದರಲ್ಲಿ ರಾಗಿ ಬೀಸುತ್ತಿದ್ದರು." "ಇದರಿಂದ ಬಿತ್ತುತ್ತಿದ್ದರು." ಊರಿನಲ್ಲಿ ಧೈರ್ಯವಾಗಿ ಆ ರೂಪ ಬಳಸುವ ಮನುಷ್ಯ ಅವರೊಬ್ಬರೇ. ಕೆಲಸ ನಿಂತ ವಸ್ತುವಿನ ಜೊತೆಗೆ ಅದರ ಯಜಮಾನನೂ ಒಳಗೆ ಬರಬೇಕೆಂಬುದು ಅಲ್ಲಿನ ಪದ್ಧತಿ. ಬಂದವರಿಗೆ ಅದನ್ನು ವಿವರಿಸಲು ಬೇರೆ ಯಾರಿಗೆ ಬರುತ್ತದೆ? ಕುಂಬಾರ ದೊಡ್ಡಸಿದ್ದಯ್ಯ ಹದಿನೈದು ವರ್ಷದಿಂದ ತಿರುಗದ ತನ್ನ ತಿಗರಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದಾನೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಗಾಳಿಯಲ್ಲಿ ಮಡಕೆ ಮಾಡಿ ತೋರಿಸುತ್ತಾನೆ. ಒಂದು ಗಂಟೆಗೆ ಹೆಂಡತಿ ಕ್ಯಾರಿಯರಿನಲ್ಲಿ ಊಟ ತರುತ್ತಾಳೆ. ಅವನು ಉಣ್ಣುವಾಗ ಅವಳು ಗೋಡೆ ನೋಡಿಕೊಂಡು ನಿಲ್ಲುತ್ತಾಳೆ.

ಇನ್ನೂ ತಿತ್ತು ತಗುಲದೆ ಉಳಿದ ಒಂಬತ್ತು ಹಳೇ ಕಾರುಗಳು ನಮ್ಮಲ್ಲಿವೆ. ತಿಂಗಳಿನ ಎರಡನೇ ಭಾನುವಾರ ಅವು ಕೆರೆಯನ್ನು ಮೂರು ಸುತ್ತು ಹಾಕಬೇಕು. ಐದೂವರೆಗೆ ತೂಬಿನ ಗಂಟೆ ಬಾರಿಸುವುದರೊಳಗೆ ಸುಣ್ಣದ ಗೆರೆ ದಾಟದ ಕಾರು ಮ್ಯೂಸಿಯಂಗೆ ಸೇರಿತು, ಅದರ ಯಜಮಾನನೂ ಸೇರಿದ. ಗೆದ್ದವರಿಗೆ ಒಂದು ಬೂದುಗುಂಬಳ ಕೊಡುತ್ತಾರೆ, ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಬೆದರಿದ ಎಮ್ಮೆ ಹೋಗುವಷ್ಟೇ ವೇಗ ಅವುಗಳದು. ಆದರೂ ನೋಡುವವರ ಎದೆ ಬಾಯಿಗೆ ಬರುತ್ತದೆ. ಯಾಕೆಂದರೆ ಹಳೇ ಕಾರು ನೋಡಿದ ತಕ್ಷಣ ಪಟ್ಟಣದ ಹಿರಿಯರ ಬಾಯಿಗೆ ಮೊದಲು ಬರುವುದೇ ತಿತ್ತು. "ನಮ್ಮ ಸೋದರಮಾವ ಇಂಥದೇ..." ಎಂದು ಶುರು ಮಾಡುತ್ತಾರೆ. ಅದಕ್ಕೇ ಕಲ್ಲುಸಕ್ಕರೆ.

ಆ ಒಂಬತ್ತರಲ್ಲಿ ಹಸಿರು ಬಣ್ಣದ್ದು ಕಾಳಾಚಾರಿಯದು. ಕಮ್ಮಾರಸಾಲೆಯನ್ನೇ ಗ್ಯಾರೇಜು ಮಾಡಿಕೊಂಡ ಮನುಷ್ಯ, ಐವತ್ತೆರಡು ವರ್ಷ, ಮದುವೆಯಿಲ್ಲ. ಕಾರು ಯಾವ ಕಂಪನಿಯದೆಂದು ಅವನಿಗೂ ಗೊತ್ತಿಲ್ಲ, ಮೂತಿಯ ಬಿಲ್ಲೆ ಉದುರಿ ಎಷ್ಟೋ ಕಾಲವಾಯಿತು. ಅದರ ಅರ್ಧ ಭಾಗಗಳನ್ನು ಅವನೇ ಕುಲುಮೆಯಲ್ಲಿ ಬಡಿದು ಮಾಡಿದ್ದಾನೆ. ಮಾತು ಕಡಿಮೆ. "ಕಾರಿಗೆ ಹಾರನ್ನಿಲ್ಲ, ಆಚಾರಿಗೆ ಬಾಯಿಲ್ಲ" ಎಂದು ಊರು ಆಡಿಕೊಳ್ಳುತ್ತದೆ. ಆ ತಮಾಷೆಯಲ್ಲಿ ನಾನೂ ಸೇರಿಕೊಂಡಿದ್ದೇನೆ. ಅವನಿಗೆ ನನ್ನ ಮೇಲೆ ಮನಸ್ಸಿದೆ, ಕೇಳಲು ಧೈರ್ಯ ಸಾಲಲಿಲ್ಲ, ಹಾಗಾಗಿ ಇಬ್ಬರೂ ಒಂಟಿಯಾಗಿ ಉಳಿದರು ಎಂಬುದು ಊರಿನ ಕಥೆ. ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ನನಗೂ ಅವನ ಮೇಲೆ ಮನಸ್ಸಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ. ಎರಡನೇ ಭಾನುವಾರ ಬಂತೆಂದರೆ ಆ ಹಸಿರು ಕಾರು ಗೆರೆ ದಾಟುವವರೆಗೆ ನನ್ನ ಕಣ್ಣು ಅದನ್ನು ಬಿಟ್ಟು ಕದಲುವುದಿಲ್ಲ.

ಈ ಸಲದ ಬಸ್ಸಿನಲ್ಲಿ ಇಂದುಮತಿ ಟೀಚರ್ ಎಂಬುವರು ಬಂದರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹತ್ತಿಯ ಸೀರೆ, ಚೂಪು ಮೂಗು, ಅದಕ್ಕಿಂತ ಚೂಪು ನಾಲಿಗೆ. ನನ್ನ ಭಾಷಣ ಕೇಳಿ ನಕ್ಕುಬಿಟ್ಟರು. "ಏನಮ್ಮ, ಕ್ರಿಯಾಪದಕ್ಕೆ ಹೆದರೋ ಊರನ್ನ ನಾನು ಇದೇ ಮೊದಲು ನೋಡ್ತಿರೋದು. ನಮ್ಮ ಮಕ್ಕಳು ಪರೀಕ್ಷೇಲಿ ಹೆದರ್ತಾರೆ, ಅದು ಬೇರೆ."

"ನಗಿ ಟೀಚರ್. ಪೊಟ್ಟಣ ಮಾತ್ರ ಕೈಯಲ್ಲಿರಲಿ" ಅಂದೆ.

ಮ್ಯೂಸಿಯಂನಲ್ಲಿ ಅವರ ನಗು ಅರ್ಧಕ್ಕೆ ನಿಂತಿತು. ನಮ್ಮ ಬಸ್ಸಿನ ಐದು ಹುಡುಗರು ತೋಳು ಮಡಿಸಿ ಬೀಸುವ ಕಲ್ಲಿನ ಗೂಟಕ್ಕೆ ಕೈ ಹಾಕಿದರು. ಕಲ್ಲು ಎಳ್ಳಷ್ಟೂ ಅಲುಗಲಿಲ್ಲ. ಟೀಚರ್ ಕನ್ನಡಕ ಏರಿಸಿ ಒಂದೊಂದೇ ಚೀಟಿ ಓದಿದರು, ಆರಾಧ್ಯರಿಗೆ ಎರಡು ಒತ್ತಕ್ಷರದ ತಪ್ಪು ತೋರಿಸಿದರು, ಆರಾಧ್ಯರು ಕೆಂಪಾದರು. ಮೇಜಿನ ಮೇಲೆ ಇನ್ನೂ ದಾರ ಕಟ್ಟದ ಒಂದು ಚೀಟಿ ಟೀಚರ ಕಣ್ಣಿಗೆ ಬಿತ್ತು. ಗಟ್ಟಿಯಾಗಿಯೇ ಓದಿದರು: "ಈ ಹಸಿರು ಮೋಟಾರನ್ನು ಕಾಳಾಚಾರಿ ಎಂಬುವರು ಓಡಿಸುತ್ತಿದ್ದರು."

ನನಗೆ ಮೈಯೆಲ್ಲ ಉರಿಯಿತು. "ಇದೇನು ಆರಾಧ್ಯರೆ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋದು ಕೇಳಿದೀನಿ. ನೀವು ಬದುಕಿರೋನಿಗೇ ಚಟ್ಟ ಕಟ್ಟಿಟ್ಟಿದೀರಲ್ಲ!"

"ಕೋಪ ಮಾಡ್ಕೋಬೇಡ ಜಲಜಮ್ಮ" ಅಂದರು ಆರಾಧ್ಯರು. "ಒಂಬತ್ತು ಕಾರಿಗೂ ಬರೆದಿಟ್ಟಿದೀನಿ. ಕೊನೇ ಗಳಿಗೇಲಿ ಬರೆದ್ರೆ ಅಕ್ಷರ ಕೆಡುತ್ತೆ."

ಊಟ ಮುಗಿಸಿ ಮೂರು ಗಂಟೆಗೆ ಎಲ್ಲರೂ ಕೆರೆ ಏರಿಯ ಮೇಲೆ ನಿಂತೆವು. ನಲವತ್ತು ಬಾಯಿಗಳಲ್ಲೂ ಸಕ್ಕರೆ ಇದೆಯೇ ಎಂದು ಒಬ್ಬೊಬ್ಬರ ಕೆನ್ನೆ ನೋಡಿ ಖಾತ್ರಿ ಮಾಡಿಕೊಂಡೆ. ಒಬ್ಬ ಹಿರಿಯರು ಕಾರುಗಳನ್ನು ನೋಡಿ ಕಣ್ತುಂಬ ನೀರು ತಂದುಕೊಂಡರು, ತಕ್ಷಣ ಅವರ ಬಾಯಿಗೆ ಇನ್ನೆರಡು ಹಳಕು ತುರುಕಿದೆ. ನಾನು ಹಾಕಿಕೊಳ್ಳಲಿಲ್ಲ. ಎಂದೂ ಹಾಕಿಕೊಂಡವಳಲ್ಲ. ಹುಟ್ಟಿದ್ದೇ ಇಲ್ಲಿ, ನನ್ನ ನಾಲಿಗೆಗೆ ಸಕ್ಕರೆಯ ಕಾವಲು ಯಾಕೆ?

ಮೊದಲ ಸುತ್ತಿನಲ್ಲಿ ಹಸಿರು ಕಾರು ನಾಲ್ಕನೆಯದು, ಎರಡನೆಯದರಲ್ಲಿ ಮೂರನೆಯದು. ಕಾಳಾಚಾರಿ ತಲೆಗೆ ಕೆಂಪು ವಸ್ತ್ರ ಕಟ್ಟಿಕೊಂಡು, ಮೊಣಕೈ ಹೊರಗೆ ಹಾಕಿ, ಎಲ್ಲೋ ಸಂತೆಗೆ ಹೊರಟವನ ಹಾಗೆ ಕೂತು ಓಡಿಸಿದ. ಎರಡು ಸಲವೂ ನಮ್ಮ ಮುಂದೆ ಹಾದಾಗ ಒಂದು ಕ್ಷಣ ಏರಿಯ ಕಡೆ ತಿರುಗಿದ. ಟೀಚರ್ ಅದನ್ನು ಬಿಡಲಿಲ್ಲ. ಸಕ್ಕರೆಯನ್ನು ಒಂದು ಕೆನ್ನೆಗೆ ತಳ್ಳಿ, "ನಿಮ್ಮನ್ನ ನೋಡ್ಕೊಂಡು ಹೋಗ್ತಾನಲ್ಲಮ್ಮ ಅವನು. ಏನು ಸಮಾಚಾರ?" ಅಂದರು.

"ಏನಿಲ್ಲ ಬಿಡಿ."

"ನನ್ನ ಹತ್ರ ಮೂವತ್ತೈದು ವರ್ಷ ಕೇಳಿದ ಹುಡುಗೀರ ಸುಳ್ಳು ಸ್ಟಾಕಿದೆ. ಹೇಳಿ."

ಮೂರನೇ ಸುತ್ತು ಮುಗಿಸಿಕೊಂಡು ಕಾರುಗಳು ಬಂದವು. ಹಸಿರಿನದು ಎರಡನೆಯದು. ಬಿಸಿಲು ಅದರ ಬಾನೆಟ್ಟಿನ ಮೇಲೆ ಬಿದ್ದು ಹೊಳೆಯಿತು. ಡ್ರೈವರಿನ ಪಕ್ಕದ ಸೀಟು ಖಾಲಿ. ಆ ಖಾಲಿ ಸೀಟು ನೋಡಿ ನನ್ನೊಳಗೆ ಏನೋ ಸಡಿಲವಾಯಿತು. ಒಂದು ವಾಕ್ಯ ಬಂತು. ಅದರ ಮೊದಲ ಅರ್ಧವನ್ನು ಮನಸ್ಸಿನಲ್ಲೇ ಅಂದುಕೊಂಡೆ, ಎರಡನೆಯ ಅರ್ಧ ಬಾಯಿಂದ ಹೊರಟುಹೋಯಿತು. "ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಈ ಕಾರು ಓಡಿಸ್ತಿದ್ದ" ಅಂದೆ.

ಗೆರೆಗೆ ಇನ್ನು ಇಪ್ಪತ್ತು ಮಾರು. ಹಸಿರು ಕಾರು ನನ್ನ ಎದುರಿಗೇ ನಿಂತಿತು. ಕೆಮ್ಮಲಿಲ್ಲ, ಹೊಗೆ ಬಿಡಲಿಲ್ಲ, ಸುಮ್ಮನೆ ನಿಂತಿತು. ಹಿಂದಿನ ಕಾರುಗಳು ಪಕ್ಕಕ್ಕೆ ಸರಿದು ಮುಂದೆ ಹೋದವು. ಏರಿಯ ಮೇಲಿದ್ದ ಊರೆಲ್ಲ ನನ್ನ ಕಡೆ ತಿರುಗಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಯಾರೋ ಹಿಂದಿನಿಂದ ಅಂದರು. ಅನ್ನಲಿ, ಸರಿಯಾಗಿಯೇ ಅಂದರು. ಇಪ್ಪತ್ತೊಂದು ವರ್ಷದ ನನ್ನ ಜಂಬ ಅಲ್ಲೇ ಮಣ್ಣುಪಾಲಾಯಿತು. ಆದರೆ ಆಗ ನನಗೆ ಜಂಬದ ಚಿಂತೆಯಿಲ್ಲ. ಕಾಳಾಚಾರಿಯ ಕಾಲುಗಳನ್ನು ನೋಡಿದೆ. ಅವನು ಇಳಿದು, ಹ್ಯಾಂಡಲು ಹಾಕಿ ಒಂದು ಸಲ ತಿರುವಿದ, ಎರಡು ಸಲ ತಿರುವಿದ, ಆಮೇಲೆ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತ. ಆ ಕಾಲುಗಳು ನಾಳೆಯಿಂದ ಸ್ಟೂಲಿನ ಮೇಲೆ ಕೂರುವ ಕಾಲುಗಳು. ಹಾಗೆ ಮಾಡಿದವಳು ನಾನು. ಅಳು ಬಂತು.

ಐದು ಗಂಟೆ ಹತ್ತು ನಿಮಿಷ. ಆರಾಧ್ಯರು ಚೀಟಿ, ದಾರ ಹಿಡಿದುಕೊಂಡು ನಿಧಾನಕ್ಕೆ ಏರಿ ಇಳಿದು ಬಂದರು. ಅವರ ಮುಖವೂ ಚೆನ್ನಾಗಿಲ್ಲ. "ಗಂಟೆ ಹೊಡೀಲಿ, ಅಲ್ಲೀತನಕ ಕಟ್ಟಲ್ಲ" ಅಂದು ದೂರ ನಿಂತರು.

ಇಂದುಮತಿ ಟೀಚರ್ ಬಾಯಲ್ಲಿದ್ದ ಸಕ್ಕರೆಯನ್ನು ಅಂಗೈಗೆ ಉಗಿದುಕೊಂಡರು. "ಒಂದು ನಿಮಿಷ. ಜಲಜಾಕ್ಷಿ, ಆ ಕಾರಲ್ಲಿ ನೀವು ಯಾವತ್ತಾದ್ರೂ ಕೂತಿದೀರಾ?"

"ಇಲ್ಲ."

"ಒಂದು ದಿನಾನೂ?"

"ಹತ್ತೇ ಇಲ್ಲ ಟೀಚರ್."

"ಹಾಗಾದ್ರೆ ನೀವು ಹೇಳಿದ್ದು ಹಿಂದೆ ನಡೆದದ್ದಲ್ಲ. ಅದಕ್ಕೊಂದು 'ರೆ' ಇರಬೇಕು. ಓದಿದ್ದರೆ ಪಾಸಾಗುತ್ತಿದ್ದ ಅಂತೀವಲ್ಲ, ಆ ಹುಡುಗ ಪಾಸಾದನೇನು? ಇಲ್ಲ. ಆಗದೇ ಹೋದದ್ದು ಅದು. ಆಗದೇ ಹೋದದ್ದು ಹಳೇದಾಗೋದು ಹೇಗಮ್ಮ? ನಿಮ್ಮ ವಾಕ್ಯ ಅರ್ಧ ಇದೆ. ಪೂರ್ತಿ ಮಾಡಿ."

ನಮ್ಮೂರಲ್ಲಿ ಯಾರಿಗೂ ಇದು ಹೊಳೆದಿಲ್ಲ. ತಿತ್ತು ಎಂಬ ಬಾಲಕ್ಕೆ ಹೆದರಿ ನಾವು 'ರೆ' ಎಂಬ ತಲೆಯನ್ನೂ ಬಿಟ್ಟವರು. ಹಾಗೆ ಮಾಡಿದ್ದರೆ ಹೀಗೆ ಆಗುತ್ತಿತ್ತು ಎಂದು ಕೊರಗುವ ಹಕ್ಕೇ ನಮಗಿಲ್ಲ. ಕಾಳಾಚಾರಿ ಹ್ಯಾಂಡಲು ಹಿಡಿದು ನನ್ನ ಕಡೆ ನೋಡಿದ.

ಕಣ್ಣೊರೆಸಿಕೊಂಡು ಕಾರಿನ ಹತ್ತಿರ ಹೋದೆ. ಎಷ್ಟೆಂದರೂ ಮೈಕು ಹಿಡಿದು ಬೆಳೆದವಳು, ಸುಲಭದ ದಾರಿ ಹುಡುಕಿದೆ. "ಆವತ್ತು ನನ್ನ ಬಸ್ಸು ತಪ್ಪಿದ್ರೆ, ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಈ ಕಾರು ಓಡಿಸ್ತಿದ್ದ" ಅಂದೆ. ಕಾಳಾಚಾರಿ ತಿರುವಿದ. ಏನೂ ಇಲ್ಲ. "ಮಳೆ ಬಂದಿದ್ರೆ" ಅಂದೆ. ಏನೂ ಇಲ್ಲ.

"ಸುಳ್ಳು 'ರೆ' ನಡೆಯಲ್ಲ ಅಂತ ಕಾಣುತ್ತೆ" ಅಂದರು ಟೀಚರ್.

ಐದು ಇಪ್ಪತ್ತು. ಏರಿಯ ಮೇಲಿಂದ ಹಣ್ಣಿನಂಗಡಿ ಚೌಡಮ್ಮ ಕೂಗಿದಳು: "ಅದುನ್ನೇನ್ ಯೋಚ್ನೆ ಮಾಡೀಯೆ? ಅವ್ನು ಬಾಯ್ಬುಟ್ಟು ಕೇಳಿದ್ರೆ ಅನ್ನು! ಊರ್ಗೇ ಗೊತ್ತಿರಾ ಇಸ್ಯ!" ಹೌದು ಹೌದು ಎಂದು ಎಲ್ಲ ತಲೆಗಳೂ ಆಡಿದವು. ನಾನು ನೆಲ ನೋಡಿಕೊಂಡು, "ಅವನು ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ರೆ, ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಈ ಕಾರು ಓಡಿಸ್ತಿದ್ದ" ಅಂದೆ. ಕಾಳಾಚಾರಿ ತಿರುವಲೇ ಇಲ್ಲ. ಆಮೇಲೆ ಊರಿನವರ ಸಮಾಧಾನಕ್ಕೆಂಬಂತೆ ಒಂದು ಸಲ ತಿರುವಿದ. ಕಬ್ಬಿಣ ಕಬ್ಬಿಣವಾಗಿಯೇ ಉಳಿಯಿತು. ಊರಿಗೆಲ್ಲ ಸಾಕಾದ ಸತ್ಯ ಆ ಕಾರಿಗೆ ಸಾಲಲಿಲ್ಲ.

ಅವನು ಹ್ಯಾಂಡಲು ಕಳಚಿ ಕೆಳಗಿಟ್ಟ. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದ: "ಬುಡು ಜಲಜಾ. ಬಲವಂತ ಬ್ಯಾಡ. ಸ್ಟೂಲ್ ಮ್ಯಾಲೆ ಕೂತ್ಕತೀನಿ, ಅದ್ಕೇನಂತೆ. ಜನದ್ ಮುಂದೆ ನೀನು ಸಣ್ಣವ್ಳಾಗದು ಬ್ಯಾಡ."

ಇಪ್ಪತ್ತಾರು ವರ್ಷ ಬಾಯಿಲ್ಲದವನೆಂದು ಅನ್ನಿಸಿಕೊಂಡು, ಒಂದು ದಿನವೂ ಬಾಯಿ ತೆರೆಯದವನು ಆ ಕ್ಷಣದಲ್ಲೂ ನನ್ನನ್ನೇ ಕಾಪಾಡಲು ನೋಡಿದ. ನನಗೆ ನಾಚಿಕೆಯಾಯಿತು. ಜನರೆದುರಿನ ನಾಚಿಕೆಗಿಂತ ಅದು ಹೆಚ್ಚು ಸುಟ್ಟಿತು. ಏರಿಯ ಕಡೆ ತಿರುಗಿದೆ. ಮೈಕಿಲ್ಲದೆಯೂ ನನ್ನ ದನಿ ಆಚೆ ದಡಕ್ಕೆ ಮುಟ್ಟುತ್ತದೆ.

"ಕೇಳಿ ಎಲ್ಲರೂ. ಅವನು ಕೇಳಿದ. ಇಪ್ಪತ್ತಾರು ವರ್ಷದ ಹಿಂದೆ, ಇದೇ ತೂಬಿನ ಹತ್ರ, ಬಾಯಿಬಿಟ್ಟು, ಸ್ಪಷ್ಟವಾಗಿ ಕೇಳಿದ. ಒಲ್ಲೆ ಅಂದಿದ್ದು ನಾನು. ಇಂದಲ್ಲ ನಾಳೆ ಇವನ ಕಾರಿಗೆ ತಿತ್ತು ತಗುಲುತ್ತೆ, ಆಮೇಲೆ ಮ್ಯೂಸಿಯಂಗೆ ಊಟ ಹೊರೋ ಹೆಂಡತಿಯಾಗ್ತೀನಿ ಅಂತ ಹೆದರಿದೆ. ಹೆದರಿದೆ ಅನ್ನೋಕೆ ಜಂಬ ಬಿಡಲಿಲ್ಲ, ಅವನಿಗೆ ಕೇಳೋಕೆ ಬರಲಿಲ್ಲ ಅಂತ ಊರಿಗೆಲ್ಲ ಹೇಳಿದೆ. ಬಾಯಿಲ್ಲದವಳು ನಾನು, ಅವನಲ್ಲ."

ಚೌಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಕಾರಿಗೆ ಮುಖ ಮಾಡಿ, ಬಾನೆಟ್ಟಿನ ಮೇಲೆ ಎರಡೂ ಕೈಯಿಟ್ಟು, ಮನಸ್ಸಿನಲ್ಲಿ ನುಂಗಿಕೊಂಡ ಆ ಮೊದಲ ಅರ್ಧವನ್ನು ಹೊರಗೆ ತೆಗೆದೆ.

"ಆವತ್ತು ನಾನು ಹೂಂ ಅಂದಿದ್ರೆ, ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಈ ಕಾರು ಓಡಿಸ್ತಿದ್ದ."

ಕಾಳಾಚಾರಿ ಹ್ಯಾಂಡಲು ಎತ್ತಿಕೊಂಡ. ತೂತಿಗೆ ಸೇರಿಸಲು ಎರಡು ಸಲ ಬೇಕಾಯಿತು. ಅರ್ಧ ಸುತ್ತು ತಿರುವಿದ ಅಷ್ಟೆ. ನನ್ನ ಅಂಗೈಗಳ ಕೆಳಗೆ ಬಾನೆಟ್ಟು ದಡದಡ ಎಂದು ಅದುರಿತು. ಊರು ಹೋ ಎಂದಿತು. ಆರಾಧ್ಯರು ಚೀಟಿಯನ್ನು ತಿರುವಿ ನೋಡಿ, "ಹಿಂದ್ಗಡೆ ಖಾಲಿ ಇದೆ, ಬೇರೆದಕ್ಕೆ ಆಗುತ್ತೆ" ಎಂದು ಜೇಬಿಗೆ ಸೇರಿಸಿದರು. ಟೀಚರ್ ಅಂಗೈಯ ಸಕ್ಕರೆಯನ್ನು ಮತ್ತೆ ಬಾಯಿಗೆ ಹಾಕಿಕೊಂಡರು.

ಕಾಳಾಚಾರಿ ಒಳಗೆ ಕೂತ. ಗಂಟೆಗೆ ಇನ್ನು ಮೂರು ನಿಮಿಷ. ತೂಬಿನವನು ಆಗಲೇ ಹಗ್ಗ ಹಿಡಿದು ನಿಂತಿದ್ದಾನೆ. ಗೇರು ಹಾಕಿದವನು ಹೊರಡಲಿಲ್ಲ. ಪಕ್ಕದ ಸೀಟಿನ ಮೇಲಿನ ಧೂಳನ್ನು ತಲೆಯ ಕೆಂಪು ವಸ್ತ್ರ ಬಿಚ್ಚಿ ಒರೆಸಿದ. ಬಾಗಿಲು ತಳ್ಳಿದ. ಆಮೇಲೆ, ಇಡೀ ಏರಿಗೆ ಕೇಳುವ ಹಾಗೆ ಅಂದ:

"ಇನ್ನೊಂದ್ ಸಲ ಕೇಳ್ತಾ ಇವ್ನಿ. ಬತ್ತೀಯಾ?"

ನಲವತ್ತು ಮಂದಿಯನ್ನು ಆರು ಗಂಟೆಗೆ ಹೊರಡಿಸಬೇಕು. ರಜಾಕ್ ಸಾಬರು ಬಸ್ಸಿನ ಹತ್ತಿರ ಕಾದಿದ್ದಾರೆ. ಇದನ್ನೆಲ್ಲ ಹೇಳಬಹುದಿತ್ತು, ಹೇಳಲು ನನಗೆ ಚೆನ್ನಾಗಿ ಬರುತ್ತದೆ.

"ಹೂಂ" ಅಂದೆ.

ಗಂಟೆ ಹೊಡೆಯುವ ಮುಂಚೆ ಗೆರೆ ದಾಟಿದೆವು. ಒಂಬತ್ತು ಕಾರುಗಳಲ್ಲಿ ನಾವು ಒಂಬತ್ತನೆಯವರು.